ಮುನಿಶಾಮಿ ತಾತನ ಕೊನೆಯ ರೀಲು

ಬಳೆ ಮಾರುವ ಬುಡನ್ ಸಾಬರು ನಮ್ಮ ಬೀದಿಗೆ ಬಂದರೆ ಗಂಡಸರು ಜಗಲಿ ಬಿಟ್ಟು ಎದ್ದು ಹೋಗುವುದು ವಾಡಿಕೆ. ಹೆಂಗಸರು ಕೈ ಚಾಚಿ ಕೂರುವ ಜಾಗದಲ್ಲಿ ಗಂಡಸರಿಗೇನು ಕೆಲಸ? ಆದರೆ ಪಕ್ಕದ ಮನೆಯ ಮುನಿಶಾಮಿ ತಾತ ಆಗಲೇ ಹೊರಗೆ ಬರುತ್ತಿದ್ದ. ಎಡಗಾಲನ್ನು ಸ್ವಲ್ಪ ಎಳೆದುಕೊಂಡು ಬಂದು, ಬಳೆಯ ಮಲಾರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಾಜಿನ ಬಳೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಬಳೆಯೊಂದನ್ನು ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಬಳೆಯ ಮೈಯನ್ನು ನೋಡುತ್ತಾ, ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಆಗ ಅವನ ಮುಖದ ಮೇಲೆ ಬಳೆಯ ಬಣ್ಣ ಬೀಳುತ್ತಿತ್ತು. ಹಳದಿ, ಹಸಿರು, ಕೆಂಪು.

"ಏನ್ ಹೀರೋ, ಸಿಕ್ಕಿದ್ರಾ?" ಎಂದು ಬುಡನ್ ಸಾಬರು ಕೇಳುತ್ತಿದ್ದರು.

"ಇದ್ರಲ್ಲಿಲ್ಲ ಸಾಬ್ರೇ. ಮುಂದಿನ ಸಲ ಕೆಂಪು ಬಳೆ ಜಾಸ್ತಿ ತನ್ನಿ."

"ಒಂದೂ ಕೊಳ್ಳಲ್ಲ, ಕೊಡ್ಸಲ್ಲ. ನೋಡಿ ನೋಡಿ ನನ್ನ ಮಾಲಿನ ಬಣ್ಣ ತೆಗೀತಾನೆ ಈ ಮನುಷ್ಯ!"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ತಾತನೂ ನಗುತ್ತಿದ್ದ. ಅವನ ಮನೆಯ ಒಳಗಿನಿಂದ ಮಾತ್ರ ಹೆಂಡತಿ ಪಾಪಮ್ಮಜ್ಜಿಯ ಧ್ವನಿ ಬರುತ್ತಿತ್ತು. "ಚಾಲಯ್ಯಾ, ಸಾಕು, ಒಳಕ್ ಬಾ. ಹೆಂಗಸ್ರ ಮಧ್ಯೆ ನಿಂದೇನು?"

ಮಕ್ಕಳೇ, ತಾತ ಆ ಬಳೆಗಳಲ್ಲಿ ತನ್ನನ್ನೇ ಹುಡುಕುತ್ತಿದ್ದ. ಇದನ್ನು ನಿಮಗೆ ಹೇಳಬೇಕು ಎಂದು ಅನಿಸಿದ್ದು ಹೋದ ತಿಂಗಳು. ನಮ್ಮ ಸಹನಾ ನರಸಾಪುರದ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದು, ಫೋನಿನಲ್ಲಿ ಸದ್ದಿಲ್ಲದೆ ಸಿನಿಮಾ ನೋಡುತ್ತಿದ್ದಳು. ಮಾತು ಕೇಳದೆ ಏನು ನೋಡ್ತೀಯೇ ಎಂದೆ. "ಕಂಪನಿ ಬಸ್ಸಲ್ಲಿ ಎಲ್ರೂ ಮಲ್ಗಿರ್ತಾರಲ್ಲ ಅಜ್ಜಿ, ಹಿಂಗೇ ನೋಡಿ ಅಭ್ಯಾಸ ಆಗೋಯ್ತು. ಮುಖ ನೋಡಿದ್ರೆ ಗೊತ್ತಾಗತ್ತೆ" ಎಂದಳು. ನನಗೆ ಕಣ್ಣು ತುಂಬಿ ಬಂತು. ಅವಳಿಗೆ ಏಕೆಂದು ಹೇಳಲು ಆಗಲಿಲ್ಲ. ನನಗೆ ಬಾಯಿಂದ ಹೇಳುವುದಕ್ಕಿಂತ ಬರೆಯುವುದು ಸುಲಭ.

ತಾತ ಹರೆಯದಲ್ಲಿದ್ದ ಕಾಲಕ್ಕೆ ಸಿನಿಮಾದಲ್ಲಿ ಮಾತೇ ಇರಲಿಲ್ಲ. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಿದ್ದರು, ಓಡುತ್ತಿದ್ದರು, ಅಳುತ್ತಿದ್ದರು. ಸದ್ದು ಮಾತ್ರ ಇಲ್ಲ. ಅಂಥ ಸಿನಿಮಾಗಳಲ್ಲಿ ನಮ್ಮ ಮುನಿಶಾಮಿ ತಾತ ನಾಯಕನಾಗಿದ್ದ. ನಾನು ಅವನನ್ನು ಕಂಡಾಗ ಅವನು ಎರಡು ಹಸು ಕಟ್ಟಿಕೊಂಡು, ಒಂದಿಷ್ಟು ರಾಗಿ ಹೊಲ ನೋಡಿಕೊಂಡಿದ್ದ ಮುದುಕ. ಆದರೂ ಹಸುವಿಗೆ ಹುಲ್ಲು ಹಾಕಲು ತಿರುಗಿದರೆ ಕತ್ತು ಮೊದಲು ತಿರುಗಿ, ಭುಜ ಆಮೇಲೆ ತಿರುಗುತ್ತಿತ್ತು. ಸಗಣಿ ಬುಟ್ಟಿ ಎತ್ತಿದರೂ ಅದರಲ್ಲಿ ಏನೋ ಬೆಲೆಬಾಳುವ ವಸ್ತು ಇದೆಯೇನೋ ಅನ್ನಿಸಬೇಕು, ಹಾಗೆ ಎತ್ತುತ್ತಿದ್ದ.

ತಾತ ಹುಟ್ಟಿದ್ದು ವಕ್ಕಲೇರಿಯ ಹತ್ತಿರದ ನಮ್ಮೂರಲ್ಲೇ. ಹುಡುಗನಾಗಿದ್ದಾಗ ಕೋಲಾರದ ಗರಡಿಯಲ್ಲಿ ಸಾಮು ಮಾಡಿ ಬೆಳೆದ ಮೈ. ಪಾಪಮ್ಮಜ್ಜಿಯನ್ನು ಮುಳಬಾಗಿಲಿನ ಆಚೆ ಕಡೆಯ ಹಳ್ಳಿಯಿಂದ ತಂದುಕೊಂಡದ್ದು. ಸಿಟ್ಟು ಬಂದರೆ ಅವಳ ಬಾಯಲ್ಲಿ ಮೊದಲು ತೆಲುಗು ಬರುತ್ತಿತ್ತು, ಕನ್ನಡ ಹಿಂದೆ ಬರುತ್ತಿತ್ತು. ಮದುವೆಯಾದ ಮೇಲೆ ಊರೂರು ತಿರುಗುವ ಒಂದು ಡೇರೆ ಸಿನಿಮಾದವರು ಪೆಟ್ಟಿಗೆ ಹೊರಲು, ಯಂತ್ರದ ಹಿಡಿ ತಿರುಗಿಸಲು ಗಟ್ಟಿ ಆಳು ಬೇಕೆಂದು ತಾತನನ್ನು ಕರೆದುಕೊಂಡು ಹೋದರು. ಹಾಗೇ ತಿರುಗುತ್ತಾ ತಿರುಗುತ್ತಾ ಬೊಂಬಾಯಿ ಸೇರಿದ.

ಅಲ್ಲಿ ನಡೆದದ್ದನ್ನು ತಾತನ ಮಾತಲ್ಲೇ ಹೇಳುತ್ತೇನೆ. "ಒಂದು ಕುದುರೆ ಹೀರೋನ ಕೆಡವ್ಬಿಟ್ಟು ಓಡ್ತಾ ಇತ್ತು ಕಣೇ. ಎಲ್ರೂ ಅತ್ಲಾಗ್ ಇತ್ಲಾಗ್ ನೆಗೀತಾ ಅವ್ರೆ. ನಾನು ಓಡೋ ಕುದುರೆ ಜುಟ್ಟು ಹಿಡ್ದು ಮೇಲಕ್ಕೆ ಹಾರ್ದೆ. ಯಾರೋ ಹಿಂದಿನಿಂದ ಕೂಗಿದ್ರು. ಬಯ್ತಾರೆ ಅಂದ್ಕೊಂಡೆ. ಇನ್ನೊಂದ್ಸಲ ಹಾರು ಅಂದ್ರು!"

ಹಾಗೆ ಹಾರಿದವನು ರಾಜಕುಮಾರನಾದ, ಸೇನಾಪತಿಯಾದ, ದರೋಡೆಕಾರನಾದ. ಬೊಂಬಾಯಿಯವರು ಅವನಿಗೆ ಬೇರೆ ಹೆಸರಿಟ್ಟರು. ಗೋಡೆಗಳ ಮೇಲೆ ಆ ಹೆಸರೇ ಇರುತ್ತಿತ್ತಂತೆ. ಏನು ಹೆಸರು ತಾತ ಎಂದು ನಾವು ಎಷ್ಟು ಪೀಡಿಸಿದರೂ ಹೇಳಲಿಲ್ಲ. "ಅದು ಅವ್ರ ಹೆಸ್ರು. ಬರೋವಾಗ ಅವ್ರಿಗೇ ವಾಪಸ್ ಕೊಟ್ಟು ಬಂದೆ" ಎನ್ನುತ್ತಿದ್ದ.

ಆಮೇಲೆ ಮಾತಿನ ಸಿನಿಮಾ ಬಂತು. ತಾತನಿಗೆ ಹಿಂದೂಸ್ತಾನಿ ಮಾತು ಅರ್ಥವಾಗುತ್ತಿತ್ತು. ಆಡಿದರೆ ಮಾತ್ರ ಅದರೊಳಗಿಂದ ಕೋಲಾರ ಇಣುಕುತ್ತಿತ್ತು. "ತಲೆ ಮೇಲೆ ಸೋರೆಕಾಯಿ ತರ ಅದೇನೋ ನೇತಾಕಿದ್ರು. ಅದಕ್ಕೆ ಕೇಳೋ ಹಂಗೆ ಮಾತಾಡು ಅಂದ್ರು. ಮಾತಾಡ್ದೆ. ಎಲ್ರೂ ನಕ್ರು. ಕ್ಯಾಮೆರಾ ತಿರುಗ್ಸೋನೂ ನಕ್ಕ. ಅವ್ನು ನನ್ನ ಜೊತೆ ಒಂದೇ ತಟ್ಟೇಲಿ ಉಂಡೋನು ಕಣೇ."

ಅಲ್ಲಿಂದ ಮುಂದೆ ಅವನಿಗೆ ಸಿಕ್ಕಿದ್ದು ಬೀಳುವ ಕೆಲಸ. ಹೊಸ ನಾಯಕರು ಮಾತಾಡಿ ಹಾಡಿ ಮುಗಿಸಿದ ಮೇಲೆ, ಕೋಟೆ ಗೋಡೆಯಿಂದ ಬೀಳುವುದಕ್ಕೆ, ಕುದುರೆಯಿಂದ ಉರುಳುವುದಕ್ಕೆ ಅವರ ಬಟ್ಟೆ ತೊಟ್ಟು ತಾತ ನಿಲ್ಲಬೇಕಿತ್ತು. "ಅವ್ರು ಮಾತಾಡೋರು, ನಾನು ಬೀಳ್ತಿದ್ದೆ. ಬೆನ್ನು ಮಾತ್ರ ಕಾಣ್ಬೇಕು, ಮುಖ ಕಾಣಬಾರದು." ಒಂದು ಸಲ ಬಿದ್ದಾಗ ಎಡಗಾಲು ಮುರಿಯಿತು. ಕಾಲು ಕೂಡಿಕೊಂಡ ಮೇಲೆ ಊರಿಗೆ ಬಂದುಬಿಟ್ಟ.

ಇಷ್ಟೇ ಆಗಿದ್ದರೆ ತಾತ ಅಷ್ಟು ನೋಯುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಕಾಲಿನ ಕತೆಯನ್ನೂ, ಜನ ನಕ್ಕ ಕತೆಯನ್ನೂ ಅವನು ನಗುತ್ತಲೇ ಹೇಳುತ್ತಿದ್ದ. ನಗದೆ ಹೇಳುತ್ತಿದ್ದ ಕತೆ ಒಂದೇ.

ಅವನು ಬೊಂಬಾಯಿಯಲ್ಲಿ ಚೆನ್ನಾಗಿದ್ದ ದಿನಗಳಲ್ಲಿ ಅವನ ಒಂದು ಸಿನಿಮಾ ಕೋಲಾರಕ್ಕೆ ಬಂತು. ಊರಿನವರು ಗಾಡಿ ಕಟ್ಟಿಕೊಂಡು ಹೋದರು. ತಾತನ ತಾಯಿ, ಇನ್ನೂ ಚಿಕ್ಕವಳಾಗಿದ್ದ ಪಾಪಮ್ಮ, ನಮ್ಮಜ್ಜಿ ಎಲ್ಲರೂ ಡೇರೆಯೊಳಗೆ ಹೆಂಗಸರ ಕಡೆ ಕೂತರು. ಅವರಾರೂ ಮೊದಲು ಸಿನಿಮಾ ನೋಡಿದವರಲ್ಲ. ಪರದೆಯ ಪಕ್ಕದಲ್ಲಿ ಒಬ್ಬ ಕೋಲು ಹಿಡಿದು ನಿಂತು, ಏನು ನಡೆಯುತ್ತಿದೆ ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿ ಹೇಳುತ್ತಿದ್ದ. ಆಗೆಲ್ಲ ಹಾಗೆ ಕತೆ ಹೇಳುವವನು ಒಬ್ಬ ಇರುತ್ತಿದ್ದ. ಪರದೆಯ ಮೇಲೆ ತಾತ ಕುದುರೆ ಏರಿ ಬಂದಾಗ ಅವನ ತಾಯಿ ಎದ್ದು ನಿಂತು, "ನನ್ ಮಗ! ನನ್ ಮಗ!" ಎಂದು ಎಲ್ಲರಿಗೂ ತೋರಿಸಿದಳಂತೆ.

ಆಮೇಲೆ ಯುದ್ಧ ಬಂತು. ತಾತನ ಎದೆಗೆ ಈಟಿ ತಗುಲಿತು. ಕೆರೆಯ ದಂಡೆಯಲ್ಲಿ ಬಿದ್ದ. ಕೋಲಿನವನು ಗಂಟಲು ಕಿತ್ತುಹೋಗುವಂತೆ, "ಪೋಯಿನಾಡು! ಹೋದ! ವೀರ ಪ್ರಾಣ ಬಿಟ್ಟ!" ಎಂದು ಕೂಗಿದ. ಸರಿಯಾಗಿ ಅಲ್ಲಿಗೆ ರೀಲು ಮುಗಿಯಿತು. ಪರದೆ ಬೆಳ್ಳಗಾಯಿತು. ಯಂತ್ರ ಒಂದೇ ಇದ್ದದ್ದರಿಂದ ಮುಂದಿನ ರೀಲು ಏರಿಸುವವರೆಗೆ ದೀಪ ಹಚ್ಚಿ, ಸೋಡಾ ಮಾರುವವರನ್ನು ಒಳಗೆ ಬಿಡುತ್ತಿದ್ದರು. ನಮ್ಮೂರ ಹೆಂಗಸರಿಗೆ ಇದು ಗೊತ್ತಿರಲಿಲ್ಲ. ಕಣ್ಣೆದುರು ಮಗ ಸತ್ತ, ದೀಪ ಹಚ್ಚಿದರು, ಮುಗಿಯಿತು. ತಾಯಿ ಎದೆ ಬಡಿದುಕೊಂಡಳು. ಪಾಪಮ್ಮ ನೆಲಕ್ಕೆ ಕೈ ಬಡಿದು ಅತ್ತಳು. ಅವಳ ಕೈತುಂಬ ಇದ್ದ ಗಾಜಿನ ಬಳೆಗಳು ಡೇರೆಯ ಮರಳಿನಲ್ಲಿ ಚೂರಾದವು. ಊರಿನ ಹೆಂಗಸರು ಅವಳ ಕೈ ಹಿಡಿದು ಎಬ್ಬಿಸಿಕೊಂಡು ಹೊರಗೆ ಬಂದರು. ಸಾವಿನ ಸ್ನಾನ ಎಂದು ದಾರಿಯ ಕೆರೆಯಲ್ಲಿ ಎಲ್ಲರೂ ಉಟ್ಟ ಸೀರೆಯಲ್ಲೇ ಮುಳುಗಿ ಎದ್ದರು.

ಹಿಂದೆ ಡೇರೆಯಲ್ಲಿ ಕೊನೆಯ ರೀಲು ಓಡುತ್ತಿತ್ತು. ಅದರಲ್ಲಿ ತಾತ ಎದ್ದು ಕೂರುತ್ತಿದ್ದ.

ಅದು ಬರೀ ಆಟ, ನಿಮ್ಮ ಮಗ ಚೆನ್ನಾಗಿದ್ದಾನೆ ಎಂದು ತಿಳಿದವರು ಮಾರನೆಯ ದಿನ ಬಂದು ಹೇಳಿದರು. ಅರ್ಧ ನಂಬಿಕೆ, ಅರ್ಧ ಭಯ. ಆ ಭಯದಲ್ಲೇ ಪಾಪಮ್ಮ ಊರ ಗಂಗಮ್ಮನ ಮುಂದೆ ನಿಂತು ಹರಕೆ ಹೊತ್ತಳು. ನನ್ನ ಗಂಡ ಜೀವಂತ ಮನೆಗೆ ಬಂದರೆ, ಅವನು ಬದುಕಿರುವವರೆಗೂ ಅವನ ಆಟ ನಾನು ನೋಡುವುದಿಲ್ಲ ಎಂದು.

ಸುಗ್ಗಿಯ ಹೊತ್ತಿಗೆ ತಾತ ಮಾಲೂರು ಸ್ಟೇಷನ್ನಿನಲ್ಲಿ ರೈಲು ಇಳಿದು, ಕೋಟು ಹಾಕಿಕೊಂಡು ಜಟಕಾದಲ್ಲಿ ಊರಿಗೆ ಬಂದ. ನಡೆದದ್ದನ್ನು ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ಹುಚ್ಚಿ, ಕೊನೇ ರೀಲಲ್ಲಿ ಎದ್ದೇಳ್ತೀನಿ ನಾನು! ಎದ್ದು ಬಂದ್ಬಿಟ್ರಾ ನೀವು?"

"ನೀನು ಹೋಗಿದ್ದು ಕಂಡೆ. ಎದ್ದಿದ್ದು ಕಾಣೆ" ಎಂದಳು ಪಾಪಮ್ಮ. "ಗಂಗಮ್ಮಂಗೆ ಮಾತು ಕೊಟ್ಟಿದ್ದೆ. ನೀನು ಬಂದೆ. ಇನ್ ನಾನು ನೋಡಲ್ಲ."

ತಾತನ ನಗು ಅಲ್ಲಿಗೆ ನಿಂತಿತಂತೆ. ಇವತ್ತಲ್ಲ ನಾಳೆ ಮನಸ್ಸು ಬದಲಾಯಿಸುತ್ತಾಳೆ ಎಂದುಕೊಂಡು ಬೊಂಬಾಯಿಗೆ ಹೋದ. ಅವಳು ಬದಲಾಗಲಿಲ್ಲ. ತಾತನ ಅದೃಷ್ಟ ಕೆಟ್ಟಾಗ ಅವನ ತಾಯಿ ಸೊಸೆಯನ್ನೇ ಬೈದಳು. ಗಂಡ ಬದುಕಿರುವಾಗ ಡೇರೆಯಲ್ಲಿ ಬಳೆ ಒಡೆದುಕೊಂಡವಳು ಎಂದಳು. ಪಾಪಮ್ಮಜ್ಜಿ ಹರಕೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ನೋಡಿದರೆ ಅವನ ಜೀವಕ್ಕೆ ಕೇಡು ಎಂದು ಅವಳು ನಂಬಿದ್ದಳು.

ತಾತ ಬೊಂಬಾಯಿ ಬಿಡುವ ಮೊದಲು ತನ್ನ ಕಂಪನಿಯ ಗೋದಾಮಿಗೆ ಹೋಗಿದ್ದನಂತೆ. ಆ ಕೊನೆಯ ರೀಲಿನ ಒಂದು ತುಂಡಾದರೂ ಕೇಳಿ ತಂದು, ಪಾಪಮ್ಮನ ಕೈಗೆ ಕೊಟ್ಟು, ಬೆಳಕಿಗೆ ಹಿಡಿದು ನೋಡು ಎನ್ನಬೇಕೆಂದು. ಗೋದಾಮು ಖಾಲಿ. "ತೂಕಕ್ಕೆ ಹಾಕ್ಬಿಟ್ರಂತೆ. ಬಳೆ ಮಾಡೋರು ತಗೊಂಡೋದ್ರಂತೆ. ಕರಗ್ಸಿ ಬಳೆ ಮಾಡ್ತಾರಂತೆ. ನಾನು ಈಗ ಯಾರ ಕೈಯಲ್ಲಿದೀನೋ ಏನೋ!" ಕೊನೆಯ ರೀಲನ್ನು ಕೆಂಪು ಬಣ್ಣದಲ್ಲಿ ಅದ್ದಿದ್ದರಂತೆ, ಸೂರ್ಯ ಹುಟ್ಟುವುದು ತಿಳಿಯಲಿ ಎಂದು. ಅದಕ್ಕೇ ಅವನು ಸಾಬರನ್ನು ಕೆಂಪು ಬಳೆ ಕೇಳುತ್ತಿದ್ದದ್ದು. ಶ್ರೀನಿವಾಸಪುರದ ಸಂತೆಯಿಂದ ಬರುತ್ತಿದ್ದ ಆ ಬಳೆಗಳಿಗೂ ಬೊಂಬಾಯಿಯ ಆ ರೀಲುಗಳಿಗೂ ಸಂಬಂಧ ಇತ್ತೇ? ಕರಗಿಸಿದ್ದರಲ್ಲಿ ಮುಖ ಉಳಿಯುತ್ತದೆಯೇ? ತಾತನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೂ ಪ್ರತಿ ಸಲ ನೋಡುತ್ತಿದ್ದ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ತುಂಬ ನಾಚಿಕೆಯ ಹುಡುಗಿ. ಶಾಲೆಯಲ್ಲಿ ಹೆಸರು ಕರೆದರೆ ಹಾಜರು ಎನ್ನಲೂ ನಾಲಿಗೆ ಏಳುತ್ತಿರಲಿಲ್ಲ. ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಳುತ್ತಾ ಬಂದ ನನ್ನನ್ನು ತಾತ ಒಂದು ಸಂಜೆ ಕರೆದು ಕೂರಿಸಿಕೊಂಡ.

"ಮಾತು ಬರ್ದಿದ್ರೆ ಬಿಡು. ಕಣ್ಣಲ್ಲಿ ಹೇಳು. ಮೊದ್ಲು ಕಣ್ಣು ಹೋಗ್ಬೇಕು, ಆಮೇಲೆ ಕತ್ತು, ಆಮೇಲೆ ಮೈ. ನಮ್ಮ ಶಿವಾರಪಟ್ಟಣದೋರು ವಿಗ್ರಹ ಎಲ್ಲಾ ಕೆತ್ತಿ ಮುಗ್ಸಿ, ಕಣ್ಣು ಕೊನೇಗೆ ಬಿಡಿಸ್ತಾರೆ. ನಮ್ಮ ಕೆಲಸದಲ್ಲಿ ಕಣ್ಣೇ ಮೊದ್ಲು."

ಹಸು ಕರೆದು ಮುಗಿಸಿದ ಮೇಲೆ ತಾತ ಬೀದಿ ಮಕ್ಕಳಿಗೆಲ್ಲ ಜಗಲಿಯ ಮೇಲೆ ತನ್ನ ಹಳೆಯ ಆಟಗಳನ್ನು ಆಡಿ ತೋರಿಸುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಹೆಗಲ ಮೇಲಿನ ಟವಲು ಕತ್ತಿಯಾಗುತ್ತಿತ್ತು, ಪತ್ರವಾಗುತ್ತಿತ್ತು, ಮಗುವಾಗುತ್ತಿತ್ತು. ಪಾಪಮ್ಮಜ್ಜಿ ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತು ರಾಗಿ ಕೇರುತ್ತಿದ್ದಳು. ಹೊರಗೆ ಮಕ್ಕಳು ನಕ್ಕರೆ ಮೊರ ನಿಲ್ಲುತ್ತಿತ್ತು. ಒಂದು ದಿನ ಬಾಗಿಲ ಹತ್ತಿರ ಕೂತಿದ್ದ ನನ್ನನ್ನು ತಿರುಗಿ ನೋಡದೆಯೇ ಕೇಳಿದಳು.

"ನಾಗೀ, ಏನ್ ಮಾಡ್ತವ್ನೇ ಆವಯ್ಯ?"

"ಮರ ಹತ್ತಿದಾನೆ ಅಜ್ಜಿ" ಎಂದು ಪಿಸುಗುಟ್ಟಿದೆ.

"ಈ ಕಾಲಲ್ಲಾ? ಬಿದ್ದಾನು!"

"ನಿಜವಾಗ್ಲೂ ಅಲ್ಲ. ನೆಲದ ಮೇಲೇ ಹತ್ತಿದಾನೆ."

ಅಂದಿನಿಂದ ಅದೇ ನನ್ನ ಕೆಲಸವಾಯಿತು. ಕಣ್ಣಿಂದ ನೋಡಬಾರದು ಎಂದಷ್ಟೇ ಅವಳು ಹರಕೆ ಹೊತ್ತಿದ್ದಳು. ಕಿವಿಯಿಂದ ಕೇಳಬಾರದು ಎಂದು ಹೇಳಿಕೊಂಡಿರಲಿಲ್ಲ. ನಾನು ಹೊಸ್ತಿಲ ಮೇಲೆ ಕೂತು, ಹೊರಗೆ ತಾತನನ್ನು ನೋಡುತ್ತಾ ಒಳಗೆ ಅಜ್ಜಿಗೆ ಹೇಳುತ್ತಿದ್ದೆ. ತಾತ ಆಟದ ಮಧ್ಯದಲ್ಲೇ, "ಗಟ್ಟಿಯಾಗಿ ಹೇಳೇ! ಸರಿಯಾಗಿ ಹೇಳ್ತೀಯೋ ಇಲ್ವೋ ನನಗೂ ಕೇಳ್ಲಿ" ಎನ್ನುತ್ತಿದ್ದ. ನಾನು ತಪ್ಪು ಹೇಳಿದರೆ ಅದೇ ಜಾಗವನ್ನು ಮತ್ತೆ ಆಡಿ ತೋರಿಸುತ್ತಿದ್ದ. ಅಜ್ಜಿ ಗೋಡೆಯನ್ನೇ ನೋಡುತ್ತಾ ನಗುತ್ತಿದ್ದಳು. ಅವಳ ಬೆನ್ನು ಕುಲುಕುವುದು ನನಗೆ ಕಾಣುತ್ತಿತ್ತು. ಬೆನ್ನು ಕುಲುಕಿದ್ದನ್ನು ನಾನು ಕಣ್ಣಲ್ಲೇ ತಾತನಿಗೆ ಹೇಳುತ್ತಿದ್ದೆ.

ಎಲ್ಲ ಆಟಗಳೂ ಆದವು. ಆ ಒಂದನ್ನು ಮಾತ್ರ ಅಜ್ಜಿ ಹೇಳಿಸಿಕೊಳ್ಳಲಿಲ್ಲ. ತಾತ ಟವಲನ್ನು ಈಟಿಯಂತೆ ಎದೆಗೆ ಒತ್ತಿಕೊಂಡನೆಂದು ನಾನು ಹೇಳಿದ ಕೂಡಲೇ ಮೊರ ಕೆಳಗಿಟ್ಟಳು.

"ಅದು ಬ್ಯಾಡ. ನಿಲ್ಸು."

"ಕೊನೇ ರೀಲೊಂದೇ ಕೇಳೇ" ಎಂದು ತಾತ ಹೊರಗಿನಿಂದ ಬೇಡಿದ. "ನಾನು ಎದ್ದೇಳೋದು ಮಾತ್ರ ಹೇಳ್ತಾಳೆ ಮಗು."

"ಬೀಳದೆ ಎದ್ದೇಳಕ್ಕಾಗ್ತದಾ? ಬಿದ್ದಿದ್ದು ಕೇಳಿದ್ ಮೇಲೇ ತಾನೆ ಎದ್ದಿದ್ದು ಕೇಳೋದು? ನೀನು ಇನ್ನೊಂದ್ಸಲ ಬೀಳೋದು ನನಗೆ ಬ್ಯಾಡಪ್ಪಾ. ಕಣ್ಣಿಗೂ ಬ್ಯಾಡ, ಕಿವಿಗೂ ಬ್ಯಾಡ."

ತಾತ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಮರುದಿನ ಕೊಟ್ಟಿಗೆಯ ಹಿಂದೆ ನನ್ನೊಬ್ಬಳನ್ನೇ ಕರೆದು, ಅವನು ಆ ಕೊನೆಯ ರೀಲನ್ನು ಆಡಿ ತೋರಿಸಿದ. ಹುಲ್ಲಿನ ಮೇಲೆ ಮಲಗಿದ. ಎಷ್ಟೋ ಹೊತ್ತು ಅಲುಗಾಡಲಿಲ್ಲ. ನನಗೆ ಭಯವಾಗಿ ಕರೆಯಬೇಕು ಅನ್ನುವಷ್ಟರಲ್ಲಿ ಅವನ ಕಣ್ಣು ತೆರೆಯಿತು. ಮೊದಲು ಕಣ್ಣು, ಆಮೇಲೆ ಕತ್ತು, ಆಮೇಲೆ ಮೈ. ಎಲ್ಲ ಮುಗಿದ ಮೇಲೆ ಒಂದು ಸಲ ತಿರುಗಿ ನಕ್ಕ. ಅಂಥ ನಗುವನ್ನು ನಾನು ಆಮೇಲೆ ಯಾರ ಮುಖದಲ್ಲೂ ನೋಡಲಿಲ್ಲ. ಹುಲ್ಲು ಮೆತ್ತಿದ ಮುದುಕನ ಮುಖದಲ್ಲಿ ಹರೆಯದವನೊಬ್ಬ ಇಣುಕಿ ಹೋದ.

"ಆ ನಗು ಯಾರನ್ನ ನೋಡಿ ನಕ್ಕಿದ್ದು ಗೊತ್ತಾ?" ಎಂದ, ಏದುಸಿರು ಬಿಡುತ್ತಾ. "ಅಲ್ಲಿ ನನ್ನೆದುರಿಗೆ ಕ್ಯಾಮೆರಾ ಪೆಟ್ಟಿಗೆ ಬಿಟ್ರೆ ಏನಿತ್ತು? ಈ ಆಟ ಕೋಲಾರಕ್ಕೆ ಹೋಗ್ತದೆ, ಮುಂದಿನ ಸಾಲಲ್ಲಿ ಪಾಪಮ್ಮ ಕೂತಿರ್ತಾಳೆ ಅಂದ್ಕೊಂಡೆ. ಅವಳನ್ನ ನೋಡಿ ನಕ್ಕೆ. ಡೇರೆಯಲ್ಲಿದ್ದೋರೆಲ್ಲಾ ನೋಡಿದ್ರು. ಅವಳೊಬ್ಳೇ ನೋಡ್ಲಿಲ್ಲ."

ಮೈಗೆ ಮೆತ್ತಿದ ಹುಲ್ಲು ಕೊಡವುತ್ತಾ, "ಯಾವತ್ತಾದ್ರೂ ಕೇಳಿದ್ರೆ ಹೇಳು. ನಗೋದು ಮರೀಬೇಡ" ಎಂದ.

ಅದಾದ ಮುಂದಿನ ಮಳೆಗಾಲದಲ್ಲಿ ತಾತನಿಗೆ ಜ್ವರ ಬಂತು. ಬಿಡಲಿಲ್ಲ. ಕೋಲಾರಕ್ಕೆ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಂದರು. ಔಷಧಿ ಕುಡಿಸಿದರು. ಅಮ್ಮ ಕೊಟ್ಟ ಗಂಜಿ ತೆಗೆದುಕೊಂಡು ನಾನು ಹೋದಾಗ ಅವನು ಗೋಡೆಗೆ ಒರಗಿ ಕೂತಿದ್ದ. ಮಾತಾಡಲಿಲ್ಲ. ಪಾಪಮ್ಮಜ್ಜಿ ಮೂಲೆಯಲ್ಲಿ ಒಲೆ ಊದುತ್ತಿದ್ದಳು. ತಾತನ ಕಣ್ಣು ಅವಳ ಕಡೆ ಹೋಯಿತು, ಅಲ್ಲಿಂದ ನನ್ನ ಕಡೆ ಬಂತು. ಹುಬ್ಬು ಚೂರು ಮೇಲಕ್ಕೇರಿತು. ನಾನು ತಲೆಯಾಡಿಸಿದೆ. ನಾವಿಬ್ಬರೂ ಕಡೆಯದಾಗಿ ಆಡಿದ ಮಾತು ಅದು. ಮಾರನೆಯ ಬೆಳಿಗ್ಗೆ ಹಸುಗಳು ಕೂಗುತ್ತಲೇ ಇದ್ದವು, ತಾತ ಏಳಲಿಲ್ಲ.

ಜಗಲಿಯ ಮೇಲೆ ಅವನನ್ನು ಮಲಗಿಸಿದ್ದರು. ಅವನು ನಮಗೆ ಆಟ ತೋರಿಸುತ್ತಿದ್ದ ಜಾಗವೇ ಅದು. ಪಾಪಮ್ಮಜ್ಜಿ ಅಳಲಿಲ್ಲ. ಎದುರಿಗೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು. ಚಟ್ಟ ಕಟ್ಟಿದ್ದಾಯಿತು. ಮೋಡ ಕವಿದಿತ್ತು, ಗಂಡಸರು ಅವಸರ ಮಾಡುತ್ತಿದ್ದರು.

"ಏಳು ಪಾಪಮ್ಮಾ, ಹೊತ್ತಾಯ್ತು. ಒಳಕ್ ನಡಿ" ಎಂದು ನಮ್ಮಜ್ಜಿ ಅವಳ ರಟ್ಟೆ ಹಿಡಿದಳು.

"ಆವತ್ತೂ ಹಿಂಗೇ ಕೈ ಹಿಡ್ದು ಎಬ್ಬಿಸ್ಕೊಂಡ್ ಬಂದ್ರಿ" ಎಂದಳು ಪಾಪಮ್ಮಜ್ಜಿ. "ಇವತ್ತು ಏಳಲ್ಲ. ಇನ್ನೂ ಒಂದು ರೀಲು ಐತೆ."

ಗಂಡಸರು ಮುಖ ಮುಖ ನೋಡಿಕೊಂಡರು. ಪಾಪ, ತಲೆ ಕೆಟ್ಟಿತು ಎಂದು ಯಾರೋ ಮೆಲ್ಲಗೆ ಹೇಳಿದರು. ನಮ್ಮಜ್ಜಿಗೆ ಮಾತ್ರ ಅರ್ಥವಾಯಿತು. ಅವಳು ಹಿಡಿದಿದ್ದ ಕೈ ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಾಗೀ, ಎಲ್ಲಿದೀಯೇ? ಬಾ ಇಲ್ಲಿ. ಆವಯ್ಯ ಬಿದ್ದಿದಾನೆ, ಬಿದ್ದಿದ್ದು ನೋಡಾಯ್ತು. ಮುಂದೇನು ಹೇಳು."

ನಾನು ಕಂಬದ ಹಿಂದೆ ನಿಂತಿದ್ದೆ. ಊರಿಗೆ ಊರೇ ಬೀದಿಯಲ್ಲಿತ್ತು. ನಮ್ಮ ಮೇಷ್ಟ್ರೂ ಇದ್ದರು. ಹಾಜರು ಎನ್ನಲು ಆಗದ ಹುಡುಗಿ ನಾನು. ಹೇಗೆ ಹೋಗಿ ಅವಳ ಪಕ್ಕ ನಿಂತೆನೋ ನನಗೆ ನೆನಪಿಲ್ಲ. ಕುದುರೆ ಬರುತ್ತದೆ ಎಂದು ಪಿಸುಗುಟ್ಟಿದೆ.

"ಗಟ್ಟಿಯಾಗಿ ಹೇಳೇ. ಆವಯ್ಯಂಗೂ ಕೇಳ್ಲಿ."

ಗಟ್ಟಿಯಾಗಿ ಹೇಳಿದೆ. "ಕುದುರೆ ಬರ್ತದೆ ಅಜ್ಜಿ. ಮೂತಿಯಿಂದ ತಾತನ ಭುಜ ತಳ್ಳತ್ತೆ. ತಾತ ಅಲ್ಲಾಡಲ್ಲ. ಇನ್ನೊಂದ್ಸಲ ತಳ್ಳತ್ತೆ. ಸೂರ್ಯ ಹುಟ್ತಾ ಅವ್ನೆ, ಎಲ್ಲಾ ಕೆಂಪಗಾಗಿದೆ. ಕೆರೆ ನೀರೂ ಕೆಂಪು. ತಾತನ ಕಣ್ಣು ಬಿಡ್ತು. ಮೊದ್ಲು ಕಣ್ಣು ಅಜ್ಜಿ. ಆಮೇಲೆ ಕತ್ತು ತಿರುಗ್ಸಿದ. ಕುದುರೆ ಜುಟ್ಟು ಹಿಡ್ಕೊಂಡ. ಎದ್ದ. ಎದ್ದು ನಿಂತ. ಎದೆಯಿಂದ ಈಟಿ ಕಿತ್ತು ಕೆರೆಗೆ ಎಸೆದ. ಕುದುರೆ ಹತ್ತಿದ." ಯಾರೂ ಕೆಮ್ಮಲೂ ಇಲ್ಲ. "ಹೊರಟೋನು ನಿಂತ್ಕೊಂಡ. ಈ ಕಡೆ ತಿರುಗಿದ. ನಗ್ತಾ ಇದಾನೆ. ಅದು ನಿನ್ನನ್ನ ನೋಡಿ ನಕ್ಕಿದ್ದಂತೆ ಅಜ್ಜಿ. ನೀನು ಮುಂದಿನ ಸಾಲಲ್ಲಿ ಕೂತಿರ್ತೀಯ ಅಂತ. ನಂಗೆ ತಾತನೇ ಹೇಳಿದ್ದ."

ಪಾಪಮ್ಮಜ್ಜಿ ರೆಪ್ಪೆ ಬಡಿಯದೆ ಅವನ ಮುಖ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕೈ ಚಾಚಿ ಅವನ ಕೆನ್ನೆಯ ಮೇಲೆ ಕೂತಿದ್ದ ನೊಣ ಓಡಿಸಿದಳು.

"ಸರಿ" ಎಂದಳು. "ಎತ್ಕೊಳ್ಳಿ."

ಹತ್ತನೆಯ ದಿನ ಅವಳ ಬಳೆ ಒಡೆದರು. ಡೇರೆಯಲ್ಲಿ ಒಡೆದುಕೊಂಡ ಮೇಲೆ ತೊಡಿಸಿದ್ದ ಬಳೆಗಳಲ್ಲಿ ಒಂದನ್ನೂ ಅವಳು ತಾನಾಗಿ ಒಡೆದುಕೊಂಡಿರಲಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಪಾತ್ರೆ ಉಜ್ಜುವಾಗಲೂ ಅವನ್ನು ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದಳಂತೆ.

ದೀಪಾವಳಿ ಹತ್ತಿರ ಬಂದಾಗ ಬುಡನ್ ಸಾಬರು ಬಂದರು. ಗಂಡ ಹೋದವಳ ಮನೆಯ ಮುಂದೆ ಬಳೆಗಾರ ಕೂಗುವುದಿಲ್ಲ. ಅವರು ಆ ಬಾಗಿಲನ್ನು ಸದ್ದಿಲ್ಲದೆ ದಾಟಿ ಬಂದು ನಮ್ಮ ಜಗಲಿಯ ಮೇಲೆ ಮಲಾರ ಇಳಿಸಿದರು. ತಾತ ಕೂರುತ್ತಿದ್ದ ಜಾಗವನ್ನು ಒಂದು ಸಲ ನೋಡಿದರು, ತಲೆ ಬಗ್ಗಿಸಿದರು. ನನ್ನ ಕೈಗೆ ಬಳೆ ಏರಿಸುತ್ತಿರುವಾಗ ಪಾಪಮ್ಮಜ್ಜಿ ಬರಿಗೈಯಲ್ಲಿ ಹೊರಗೆ ಬಂದಳು. ಅಮ್ಮ ನನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

"ಸಾಬೂ, ಕೆಂಪು ತಂದಿದೀಯಾ?"

ಸಾಬರು ಪ್ಲಾಸ್ಟಿಕ್ ಬಳೆಗಳ ಗೊಂಚಲನ್ನು ಅವಳ ಮುಂದೆ ಇಟ್ಟರು. ಅವಳು ಕುಕ್ಕರುಗಾಲಲ್ಲಿ ಕೂತು, ಅದರಲ್ಲಿ ಒಂದು ಕೆಂಪು ಬಳೆ ಆರಿಸಿ, ಬಿಸಿಲಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿದಳು. ಮೆಲ್ಲಗೆ ತಿರುಗಿಸಿದಳು. ಅವಳ ಕುಂಕುಮವಿಲ್ಲದ ಹಣೆಯ ಮೇಲೆ ಕೆಂಪು ಬಿತ್ತು.

ನಾನು ತಡೆಯಲಾರದೆ ಹತ್ತಿರ ಹೋಗಿ ಕೇಳಿದೆ. "ಸಿಕ್ಕಿದ್ನಾ ಅಜ್ಜಿ?"

"ಸುಮ್ನಿರೇ" ಎಂದಳು. "ನೋಡ್ತಾ ಇದೀನಿ."